ಸಾರಥಿ ಡೈರೆಕ್ಟರ್ ಆದದ್ದು

ದೇವರು ಕೆಲವರಿಗೆ ಮುಖವನ್ನು ನಿಧಾನವಾಗಿ ಕೂತು ಮಾಡಿಕೊಡುತ್ತಾನೆ, ಕೆಲವರಿಗೆ ಕೈಗೆ ಸಿಕ್ಕಿದ್ದನ್ನು ಅಂಟಿಸಿ ಕಳಿಸಿಬಿಡುತ್ತಾನೆ. ನಾನು ಎರಡನೆಯ ಗುಂಪಿನವನು. ಹುಬ್ಬು ಯಾವಾಗಲೂ ಹಣೆಯ ಅರ್ಧಕ್ಕೆ ಏರಿ ಕೂತಿರುತ್ತದೆ, ಯಾರೋ ಈಗಷ್ಟೇ ಏನೋ ಕೇಳಬಾರದ್ದು ಕೇಳಿದರು ಎನ್ನುವ ಹಾಗೆ. ನನ್ನನ್ನು ನೋಡಿದರೆ ಜನಕ್ಕೆ ನಗು ಬರುತ್ತದೆ. ಒಮ್ಮೆ ಬೊಮ್ಮನಹಾಳಿನ ನೆಂಟರ ಮನೆಗೆ ಸಾವಿಗೆ ಮಾತಾಡಿಸಲು ಹೋಗಿದ್ದೆ. ಹೋದವರು ಬಹಳ ಒಳ್ಳೆಯವರಾಗಿದ್ದರು ಎಂದು ಮನಸ್ಸಿಟ್ಟೇ ಹೇಳಿದೆ. ಸತ್ತವರ ತಮ್ಮ ನನ್ನ ಮುಖ ನೋಡಿ ಕಿಸಕ್ಕೆಂದು ನಕ್ಕು, ಆಮೇಲೆ ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ಜೋರಾಗಿ ಅತ್ತ. ಅಂದಿನಿಂದ ನನ್ನ ಹೆಂಡತಿ ರುದ್ರಮ್ಮ ಸಾವಿನ ಮನೆಗೆ ಒಬ್ಬಳೇ ಹೋಗುತ್ತಾಳೆ. ನನ್ನನ್ನು ಮದುವೆಗಳಿಗೆ ಮಾತ್ರ ಕಳಿಸುತ್ತಾಳೆ.

ಆಂಧ್ರದ ಗಡಿಯೊಳಗಿನ ರಾಯದುರ್ಗದಲ್ಲಿ ನನ್ನದು ಜೀನ್ಸ್ ಪ್ಯಾಂಟ್ ಹೊಲಿಯುವ ಸಣ್ಣ ಅಂಗಡಿ. ಅದು ಹೊಟ್ಟೆಪಾಡು. ಈ ಮುಖಕ್ಕೆ ಮರ್ಯಾದೆ ಸಿಕ್ಕಿದ್ದು ಬಯಲಾಟದಲ್ಲಿ. ನಮ್ಮ ಕಡೆಯ ಆಟದಲ್ಲಿ ಸಾರಥಿ ಎನ್ನುವ ಪಾತ್ರವೊಂದಿದೆ. ರಥ ಹೊಡೆಯುವವನಲ್ಲ, ರಥವೇ ಇರುವುದಿಲ್ಲ. ರಾಜ, ರಾಣಿ, ರಾಕ್ಷಸ ಯಾರೇ ರಂಗಕ್ಕೆ ಬರಲಿ, ಎದುರಿಗೆ ನಿಂತು “ತಾವು ದಾರು? ತಮ್ಮ ನಾಮಾಂಕಿತವೇನು?” ಎಂದು ಕೇಳುವುದು ಅವನ ಕೆಲಸ. ಕೇಳಿದ ಮೇಲೆಯೇ ಅವರು ತಮ್ಮ ಹೆಸರು, ಕುಲ, ಪ್ರತಾಪ ಎಲ್ಲ ಹೇಳಿಕೊಳ್ಳುವುದು. ನಡುವೆ ಸಾರಥಿ ಒಂದಿಷ್ಟು ಕೀಟಲೆ ಮಾಡಿ ಜನರನ್ನು ನಗಿಸಬೇಕು. ನಾನು ಹರೆಯದಿಂದ ಈ ಪಾತ್ರ ಮಾಡಿಕೊಂಡು ಬಂದವನು. ಎಷ್ಟು ರಾಜರನ್ನು ಮಾತಾಡಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಅಂಗಡಿಗೆ ಅಳತೆ ಕೊಡಲು ಬಂದ ಗಿರಾಕಿಗಳಿಗೂ ಬಾಯಿ ತಪ್ಪಿ “ತಾವು ದಾರು?” ಅಂದುಬಿಡುತ್ತೇನೆ. ಗೊತ್ತಿದ್ದವರು ನಗುತ್ತಾರೆ, ಗೊತ್ತಿಲ್ಲದವರು ಪಕ್ಕದ ಅಂಗಡಿಗೆ ಹೋಗುತ್ತಾರೆ.

ಹೀಗೆ ಸುಖವಾಗಿದ್ದ ನನ್ನ ತಲೆ ಕೆಡಿಸಿದವನು ನನ್ನ ಅಳಿಯ. ಮಡಕಶಿರಾದ ಕಡೆಯವನು, ಅಲ್ಲಿಯೇ ಇಂಗ್ಲಿಷ್ ಮೇಷ್ಟ್ರು. ಹಿಪ್ಪುನೇರಳೆ ತೋಟವೂ ಇದೆ. ಮಗಳ ಮನೆಗೆ ಹೋದಾಗಲೆಲ್ಲ ಅಲ್ಲಿನ ರೇಷ್ಮೆಹುಳುಗಳು ಎಲೆ ತಿನ್ನುವಷ್ಟೇ ಶ್ರದ್ಧೆಯಿಂದ ನಾನು ಮುದ್ದೆ ತಿನ್ನುತ್ತೇನೆ. ಹಾಗೆ ತಿಂದು ಒರಗಿಕೊಂಡಿದ್ದಾಗ ಅಳಿಯ ಫೋನು ಹಿಡಿದುಕೊಂಡು ಬಂದ.

“ಮಾವ, ಈವಯ್ಯನ್ನ ನೋಡಿ. ಥೇಟ್ ನಿಮ್ ಹಂಗೇ ಅವ್ನೆ.”

ಆತ ಬ್ರಿಟನ್ನಿನ ಹಾಸ್ಯನಟನಂತೆ. ಹೆಸರು ಹೇಳಿದ, ನನ್ನ ನಾಲಿಗೆ ಹೊರಳಲಿಲ್ಲ. ಬಹಳ ವರ್ಷ ಆತನಿಗೆ ಸಿಕ್ಕಿದ್ದೆಲ್ಲ ಚಿಲ್ಲರೆ ಪಾತ್ರಗಳೇ. ಹೋಟೆಲಿನ ಮಾಣಿ, ಪೊಲೀಸು, ಪಾದ್ರಿ, ರೈಲು ತಪ್ಪಿಸಿಕೊಂಡ ಗುಮಾಸ್ತ. ಬರುವುದು, ಎರಡು ಮಾತಾಡುವುದು, ಟ್ರೇ ಬೀಳಿಸುವುದು, ಹೋಗುವುದು. ಒಂದು ತುಣುಕು ನೋಡಿದೆ. ಆತ ಟ್ರೇ ಬೀಳಿಸಲಿಲ್ಲ, ಟ್ರೇಯೇ ಆತನನ್ನು ಬೀಳಿಸಿತು. ಅಷ್ಟು ಅಚ್ಚುಕಟ್ಟು. ಭಾಷೆ ತಿಳಿಯದಿದ್ದರೂ ಹುಬ್ಬು ತಿಳಿಯಿತು. ನಮ್ಮವನೇ ಅನ್ನಿಸಿತು. ಸಮುದ್ರದಾಚೆ ಹುಟ್ಟಿದ ಸಾರಥಿ. ಆಮೇಲೆ ಅಳಿಯ ಇನ್ನೊಂದು ಚಿತ್ರ ತೋರಿಸಿದ. ವಯಸ್ಸಾದ ಮೇಲೆ ಆತ ನಟನೆ ಬಿಟ್ಟು ಡೈರೆಕ್ಟರ್ ಆದನಂತೆ. ಅದೇ ಮನುಷ್ಯ, ಅದೇ ಹುಬ್ಬು, ಕೊರಳಿಗೊಂದು ಉದ್ದನೆಯ ವಸ್ತ್ರ ಸುತ್ತಿಕೊಂಡು ಕುರ್ಚಿಯ ಮೇಲೆ ಕೂತು ಬೆರಳು ತೋರಿಸುತ್ತಿದ್ದಾನೆ. ಸುತ್ತ ನಿಂತವರಲ್ಲಿ ಒಬ್ಬರೂ ನಗುತ್ತಿಲ್ಲ. ಆ ಚಿತ್ರವನ್ನು ನಾನು ದೊಡ್ಡದು ಮಾಡಿಸಿ ಒಬ್ಬೊಬ್ಬರ ಮುಖವನ್ನೂ ನೋಡಿದೆ. ನಿಜವಾಗಿಯೂ ಒಬ್ಬರೂ ನಗುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

“ಡೈರೆಕ್ಟರ್ ಆದ ಮ್ಯಾಲ ಇವನ ಮಾತು ಎಲ್ಲರೂ ಕೇಳಿದ್ರೇನಪ?” ಎಂದು ಕೇಳಿದೆ.

“ಅದನ್ನ ಇದ್ರಾಗೆ ಬರ್ದಿಲ್ಲ ಮಾವ,” ಎಂದು ಅಳಿಯ ಫೋನು ಮುಚ್ಚಿದ.

ಅದೇ ವರ್ಷದ ಸುಗ್ಗಿಯಲ್ಲಿ ನಮ್ಮ ಆಟದ ಹಳೆಯ ಮೇಷ್ಟ್ರು ಮಂಡಿನೋವೆಂದು ಹಾರ್ಮೋನಿಯಂ ಮುಚ್ಚಿಟ್ಟು ಮಗನ ಮನೆ ಸೇರಿದರು. ಆಟ ಕಲಿಸುವವರಿಲ್ಲ. ನಾನು ಕಲಿಸುತ್ತೇನೆಂದೆ. ಎಲ್ಲರೂ ನಕ್ಕರು. ಬೇರೆಯವರಿಲ್ಲದ್ದರಿಂದ ಒಪ್ಪಿದರು. ಮಗನನ್ನು ಕಳೆದುಕೊಂಡ ರಾಜನ ಪ್ರಸಂಗವೊಂದನ್ನು ನಾನೇ ಹೆಣೆದೆ. ಹರೆಯದಿಂದ ಜನರನ್ನು ನಗಿಸಿದ್ದಾಗಿತ್ತು, ಒಮ್ಮೆಯಾದರೂ ಅವರನ್ನು ಅಳಿಸಬೇಕೆಂಬುದು ನನ್ನ ಆಸೆ. ನಿಜ ಹೇಳಬೇಕೆಂದರೆ ಎಲ್ಲರೂ ಅಳಬೇಕೆಂದೇನಿರಲಿಲ್ಲ. ರುದ್ರಮ್ಮ ಒಬ್ಬಳು ಅತ್ತರೆ ಸಾಕಿತ್ತು. ಮದುವೆಯಾದಾಗಿನಿಂದ ನಾನು ಕೋಪ ಮಾಡಿಕೊಂಡರೂ ನಗುತ್ತಾಳೆ, ಜ್ವರ ಬಂದು ಮಲಗಿದರೂ ನಗುತ್ತಾಳೆ.

ಡೈರೆಕ್ಟರ್ ಆದ ಮೊದಲ ದಿನವೇ ಅವಳ ಹಳೆಯ ಶಾಲು ಕೊರಳಿಗೆ ಸುತ್ತಿಕೊಂಡು ಹೊರಟೆ.

“ಯಾಕ್ರಿ, ಗಂಟಲು ಕಟ್ಟೇತೇನು? ಕಷಾಯ ಮಾಡ್ಲೇನು ಡೈರೆಕ್ಟರ್ ಗಾರೂ?” ಅಂದಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ ತಾಲೀಮು. ರಾಜನ ಪಾತ್ರ ತಿಪ್ಪೇಸ್ವಾಮಿಯದು. ದೊಡ್ಡ ಕುರಿಮಂದೆಯ ಒಡೆಯ, ಗುಡ್ಡದ ಈಚೆ ನಿಂತು ಕೂಗಿದರೆ ಆಚೆಯ ಕುರಿ ತಿರುಗಿ ನೋಡಬೇಕು, ಅಂಥ ಗಂಟಲು. ಅವನಿಗೆ ಅಳುವುದನ್ನು ಕಲಿಸಲು ನಾನೇ ಎದೆ ಹಿಡಿದುಕೊಂಡು, ನೆಲಕ್ಕೆ ಕುಸಿದು, ಅತ್ತು ತೋರಿಸಿದೆ. ಇಡೀ ಮೇಳ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಿತು. ಕಣ್ಣೀರೇನೋ ಬಂತು, ಆದರೆ ನಾನು ಬಯಸಿದ ದಾರಿಯಿಂದಲ್ಲ. ಆಗ ನಾನು ದೊಡ್ಡದೊಂದು ತೀರ್ಮಾನ ಮಾಡಿದೆ. ಈ ಆಟದಲ್ಲಿ ಸಾರಥಿಯೇ ಬೇಡ. ಅವನಿದ್ದಲ್ಲಿ ನಗು, ನಗು ಇದ್ದಲ್ಲಿ ಅಳು ಇಲ್ಲ.

ತಿಪ್ಪೇಸ್ವಾಮಿ ಮೀಸೆ ನೀವಿಕೊಂಡು ಯೋಚಿಸಿದ. “ಸಾರಥಿ ಇಲ್ಲಂದ್ರ ನಾ ಹೆಂಗ್ರಿ ಶುರು ಮಾಡ್ಲಿ?”

“ನೀವಾ ಬಂದು ಹೇಳ್ರಿ, ನಾ ಇಂಥಾ ರಾಜ ಅಂತ.”

“ಯಾರೂ ಕೇಳಲಾರ್ದ ನಾನಾ ನಾ ರಾಜ ಅಂತ ಹೇಳ್ಕಣದು ಚೊಲೋ ಕಾಣ್ತೈತೇನ್ರಿ? ಎಲೆಕ್ಷನ್‌ಗೆ ನಿಂತಂಗ ಆಗ್ತೈತಿ.”

ಹೊಸ ಕಾಲ, ಹೊಸ ರೀತಿ ಎಂದು ಅವನ ಬಾಯಿ ಮುಚ್ಚಿಸಿದೆ. ತಾಲೀಮಿನಲ್ಲಿ ಅವನು ಚೆನ್ನಾಗಿಯೇ ಶುರು ಮಾಡುತ್ತಿದ್ದ. ಯಾಕೆ ಚೆನ್ನಾಗಿ ಶುರು ಮಾಡುತ್ತಿದ್ದ ಎಂಬುದನ್ನು ನಾನಾಗಲಿ ಅವನಾಗಲಿ ಗಮನಿಸಲಿಲ್ಲ. ಅವನು ಬಂದು ನಿಂತ ಕೂಡಲೇ ಕುರ್ಚಿಯ ಮೇಲಿನಿಂದ ನಾನು ಹಳೆಯ ಅಭ್ಯಾಸಬಲದಿಂದ “ಹ್ಞೂಂ, ತಾವು ದಾರು?” ಅನ್ನುತ್ತಿದ್ದೆ.

ಆಟ ಇದ್ದದ್ದು ಬೊಮ್ಮನಹಾಳಿನ ಹತ್ತಿರದ ಒಂದು ಹಳ್ಳಿಯಲ್ಲಿ, ಭತ್ತ ಕೊಯ್ದ ಗದ್ದೆಯಲ್ಲಿ. ಬೆಳತನಕ ಕೂರುವ ತಾಳ್ಮೆ ಈಗ ಯಾರಿಗಿದೆ ಎಂದು, ಕುರಿ ಹಟ್ಟಿಗೆ ಬರುವ ಹೊತ್ತಿಗೆ ಶುರು, ಊಟದ ಹೊತ್ತಿಗೆ ಮುಕ್ತಾಯ ಎಂದು ಗೊತ್ತು ಮಾಡಿದ್ದೆ. ಇದೂ ನನ್ನ ಸುಧಾರಣೆಯೇ. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಪರದೆಯ ಮರೆಯಲ್ಲಿ ನಿಂತೆ. ರುದ್ರಮ್ಮ ಹೆಂಗಸರ ಜೊತೆ ಮುಂದೆಯೇ ಕೂತಿದ್ದಳು. ಹಾರ್ಮೋನಿಯಂ ನುಡಿಯಿತು. ರಾಜ ಭುಜಕೀರ್ತಿ ಕಟ್ಟಿಕೊಂಡು ಧಿಮಿಧಿಮಿ ಕುಣಿದು ಬಂದ, ನಡುವೆ ನಿಂತ, ನಿಂತೇ ಇದ್ದ.

ಇನ್ನೊಂದು ಸುತ್ತು ಕುಣಿದ. ಮತ್ತೆ ನಿಂತ. ನಾನು ಮರೆಯಿಂದ “ಹೇಳ್ರಿ” ಎಂದು ಕೈಸನ್ನೆ ಮಾಡಿದೆ. ಅವನು “ಕೇಳ್ರಿ” ಎಂದು ಕಣ್ಣುಸನ್ನೆ ಮಾಡಿದ. ಜನರಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಯಾರೋ ಪುಣ್ಯಾತ್ಮ “ಎವರಯ್ಯಾ ನುವ್ವು?” ಎಂದು ತೆಲುಗಿನಲ್ಲಿ ಕೇಳಿ ಸಹಾಯಕ್ಕೆ ಬಂದ. ಆದರೆ ತಿಪ್ಪೇಸ್ವಾಮಿ ನಿಯಮದ ಕಲಾವಿದ. ಸಾರಥಿಯಲ್ಲದವನು ಕೇಳಿದ್ದಕ್ಕೆ ಉತ್ತರ ಕೊಡುವವನಲ್ಲ. ಮೂರನೆಯ ಸುತ್ತಿಗೆ ಅವನ ಕಾಲು ತಡವರಿಸಿತು. ಆಗ ಮುಂದಿನ ಸಾಲಿನಿಂದ ರುದ್ರಮ್ಮನ ದನಿ ಇಡೀ ಗದ್ದೆಗೆ ಕೇಳಿಸಿತು.

“ಏನ್ರಿ, ಹೋಗಿ ಕೇಳ್ರಿ ಪಾಪ. ಎಷ್ಟೊತ್ತಂತ ನಿಲ್ತಾರ ಅವ್ರು.”

ಹೋದೆ. ರಂಗದ ಬೆಳಕಿಗೆ ಬಂದ ಮೇಲೆ ಗೊತ್ತಾಯಿತು, ಗಡಿಬಿಡಿಯಲ್ಲಿ ರಾಜನ ಅಂಗಿಯ ತೋಳು ಬಿಗಿ ಮಾಡಿ ಬಂದವನು ಕೊರಳಲ್ಲಿ ಶಾಲಿನ ಬದಲು ಅಳತೆ ಟೇಪು ಹಾಕಿಕೊಂಡಿದ್ದೇನೆ. “ತಾವು ದಾರು? ತಮ್ಮ ನಾಮಾಂಕಿತವೇನು?” ಎಂದು ಕೇಳಿದೆ. ಜನ ನಕ್ಕ ಅಬ್ಬರಕ್ಕೆ ಕಾಲುವೆ ದಂಡೆಯ ಕೊಕ್ಕರೆಗಳು ಎದ್ದು ಹೋದವು. ರಾಜನ ಮುಖ ಅರಳಿ, ಗಂಟಲು ತೆರೆಯಿತು. ಅಷ್ಟಾದ ಮೇಲೆ ನಾನು ಒಳಗೆ ಬರಲು ಆಗಲೇ ಇಲ್ಲ. ರಾಣಿ ಬಂದಳು, ಮಂತ್ರಿ ಬಂದ, ಪ್ರತಿಯೊಬ್ಬರೂ ಬಂದು ನನ್ನ ಮುಖ ನೋಡಿಕೊಂಡು ನಿಂತರು. ಕೇಳುತ್ತಾ ಹೋದೆ. ನಿರ್ದೇಶನ ಪರದೆಯ ಹಿಂದೆಯೇ ಉಳಿಯಿತು.

ಕೊನೆಗೆ ರಾಜ ಮಗನನ್ನು ಮಣ್ಣು ಮಾಡಿ ಬರುವ ಜಾಗ. ಕಿರೀಟವಿಲ್ಲದೆ, ಮಗನ ರುಮಾಲು ಕೈಯಲ್ಲಿ ಹಿಡಿದು ತಿಪ್ಪೇಸ್ವಾಮಿ ಬಂದ. ಒಮ್ಮೆ ಪರಿಚಯವಾದವನು ಮತ್ತೆ ಕಾಯಬೇಕಿಲ್ಲ. ಆದರೂ ನನ್ನೆದುರು ನಿಂತ. ನಾನು ಕೀಟಲೆಗಲ್ಲ, ಬೇರೆ ದಾರಿ ಕಾಣದೆ, ಮೆಲ್ಲಗೆ ಕೇಳಿದೆ. “ತಾವು ದಾರು?”

ನಾನು ಬರೆದುಕೊಟ್ಟಿದ್ದ ಉದ್ದನೆಯ ಶೋಕದ ಮಾತನ್ನೆಲ್ಲ ಅವನು ಮರೆತಿದ್ದ. ರುಮಾಲು ನೋಡುತ್ತ, “ಯಾರೂ ಅಲ್ಲಪ ಸಾರಥಿ. ಮುಂಜಾನಿ ತನಕ ಒಬ್ಬನ ಅಪ್ಪ ಆಗಿದ್ನಿ,” ಅಂದ.

ಹೆಂಗಸರು ಸೆರಗು ಕಣ್ಣಿಗೆ ತಂದರು. ಗಂಡಸರು ಕೆಮ್ಮಿದರು. ನನಗೂ ತಡೆಯಲಾಗದೆ ಅಳು ಬಂತು. ಅಳುತ್ತಲೇ ರುದ್ರಮ್ಮನ ಕಡೆ ನೋಡಿದೆ. ಸೆರಗು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದ್ದಳು, ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಳೋ ನಗುತ್ತಿದ್ದಳೋ ಅಲ್ಲಿಂದ ತಿಳಿಯಲಿಲ್ಲ.

ಅವಳು ನೆಂಟರ ಆಟೋದಲ್ಲಿ ಅಂದು ರಾತ್ರಿಯೇ ಊರಿಗೆ ಹೋದಳು. ನಾನು ವೇಷದ ಪೆಟ್ಟಿಗೆ ಕಟ್ಟಿಸಿಕೊಂಡು ಬೆಳಿಗ್ಗೆ ಮೊದಲ ಬಸ್ಸಿಗೆ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ, ಅತ್ತಳೋ ಇಲ್ಲವೋ. ಬಾಗಿಲು ತಟ್ಟಿದೆ.

ಒಳಗಿನಿಂದ ಅವಳ ದನಿ. “ಯಾರು?”

ನಾನು ಪೆಟ್ಟಿಗೆ ಕೆಳಗಿಟ್ಟೆ. ಇಷ್ಟು ವರ್ಷ ಸಿಕ್ಕಸಿಕ್ಕ ರಾಜರನ್ನೆಲ್ಲ ಕೇಳಿದ್ದೇನೆ, ಸಾರಥಿಯನ್ನು ನೀನು ಯಾರೆಂದು ಯಾವ ಆಟದಲ್ಲೂ ಯಾರೂ ಕೇಳಿದ್ದಿಲ್ಲ. ಹೇಳಿಕೊಳ್ಳಬೇಕಾದ್ದು ಬಹಳ ಇತ್ತು. ಗಂಟಲು ಸರಿ ಮಾಡಿಕೊಂಡು, ಕೊರಳಲ್ಲೇ ಉಳಿದಿದ್ದ ಟೇಪು ನೇರ ಮಾಡಿಕೊಂಡು, “ನಿನ್ನೆಯ ಆಟದ ಡೈರೆಕ್ಟರ್...” ಎಂದು ಶುರು ಮಾಡಿದೆ.

ಒಳಗೆ ನಗು ಶುರುವಾಯಿತು. ನಗುತ್ತಲೇ ಬಂದು ಅಗುಳಿ ತೆಗೆದಳು. ಕಣ್ಣು ಎರಡೂ ಕೆಂಪಗೆ ಊದಿಕೊಂಡಿದ್ದವು.

“ನೀ ಅತ್ತಿ, ಹೌದಲ್ಲ?” ಅಂದೆ.

“ಹೌದ್ರಿ, ರಾತ್ರೆಲ್ಲ ಅತ್ತೀನಿ. ಹಂಗ ಅಂತ ಈಗ ನೀವು ಮುಖ ಹಂಗ ಮಾಡ್ಕಂಡು ನಿಂತ್ರ ನಾ ಏನ್ ಮಾಡ್ಲಿ?” ಎಂದು ಮತ್ತೆ ನಗತೊಡಗಿದಳು. ನಾನು ಮಾಡಿಕೊಂಡು ನಿಂತಿದ್ದದ್ದು ಗೆದ್ದವನ ಮುಖ.