ಜೋಪಾನಪ್ಪನ ರೇಡಿಯೇಟರ್

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಕಡಲೆಕಾಳಿನಷ್ಟು ದಪ್ಪದ ಒಂದು ಕಲ್ಲು. ನಿನ್ನೆ ಬೆಳಿಗ್ಗೆ ಮುಂದೆ ಹೋಗುತ್ತಿದ್ದ ಲಾರಿಯ ಚಕ್ರದಿಂದ ಸಿಡಿದು, ಜೋಪಾನಪ್ಪನ ಹೊಸ ಮೋಟಾರ್‌ಸೈಕಲ್ಲಿನ ರೇಡಿಯೇಟರಿಗೆ ಟಣ್ ಎಂದು ಬಡಿದಿತ್ತು. ರೇಡಿಯೇಟರಿಗೆ ಏನೂ ಆಗಲಿಲ್ಲ. ಜೋಪಾನಪ್ಪನ ಎದೆಗೆ ಆಯಿತು.

ಜೋಪಾನಪ್ಪ ಎಂಬುದು ಗಾಜಿನ ಲೋಟದ ಕಾರ್ಖಾನೆಯವರು ಇಟ್ಟ ಹೆಸರು. ಇಪ್ಪತ್ತೆರಡು ವರ್ಷಗಳಿಂದ ಅವನು ಮುದ್ರೆ ಒತ್ತಿ ಕಳಿಸಿದ ಪೆಟ್ಟಿಗೆಗಳಲ್ಲಿ ಒಂದು ಲೋಟವೂ ಒಡೆದಿರಲಿಲ್ಲ. ಇದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಹೇಳಲಿ ಬಿಡಿ, ಅಂಥ ಕೈ ಎಲ್ಲರಿಗೂ ಇರುತ್ತದೆಯೇ? ಇವತ್ತು ಹತ್ತು ಗಂಟೆಗೆ ಮಾಲೀಕರು ಎಲ್ಲರೆದುರು ಅವನನ್ನು ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕನ ಕುರ್ಚಿಯಲ್ಲಿ ಕೂರಿಸುವವರಿದ್ದರು.

ನಿನ್ನೆ ಸಂಜೆ ಕೊನೆಯ ಪೆಟ್ಟಿಗೆ ಕಟ್ಟುವಾಗಲೂ ಅವನ ಕಣ್ಣ ಮುಂದೆ ರೇಡಿಯೇಟರೇ. ಮುದ್ರೆ ಒತ್ತಿ ನೋಡಿದರೆ ಮೇಜಿನ ಮೇಲೆ ಒಂದು ಸ್ಪಂಜಿನ ಹಾಳೆ ಉಳಿದಿತ್ತು. ಕಂಕುಳಲ್ಲಿ ಸಿಕ್ಕಿಸಿಕೊಂಡು ಮನೆಗೆ ಬಂದ.

ಬೆಳಿಗ್ಗೆ ಮೊದಲು ಹೆಂಡತಿಯ ಹಿಟ್ಟಿನ ಜರಡಿಯನ್ನು ರೇಡಿಯೇಟರಿನ ಮುಂದೆ ಕಟ್ಟಿದ.

“ಅಯ್ಯೋ, ನನ್ನ ಜರಡಿ!”

“ಕಲ್ಲು ಬಡಿದ್ರೆ ಏನ್ ಗತಿ? ನೀನು ಸುಮ್ನಿರು.”

ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಬೇಲಿಯ ಮೇಲಿಂದ ಕತ್ತು ಚಾಚಿದರು. “ಕಲ್ಲೇನೋ ನಿಲ್ಲುತ್ತೆ. ಕೆಸರು?”

ಜೋಪಾನಪ್ಪ ಜರಡಿಯ ಮೇಲೆ ಸ್ಪಂಜು ಹೊದಿಸಿದ.

“ಸರಿ, ಧೂಳು?”

ಸ್ಪಂಜಿನ ಮೇಲೆ ಪ್ಲಾಸ್ಟಿಕ್ ಸುತ್ತಿ, ಸುತ್ತಲೂ ಟೇಪ್ ಅಂಟಿಸಿದ. ಕೊನೆಗೆ ಅಭ್ಯಾಸಬಲದಿಂದ ‘ಒಡೆಯುವ ವಸ್ತು, ಜೋಪಾನ’ ಎಂಬ ಚೀಟಿಯನ್ನೂ ಹಚ್ಚಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಅವನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಿತು.

ಅರ್ಧ ದಾರಿಯಲ್ಲಿ ಗಾಡಿ ಇಡ್ಲಿಪಾತ್ರೆಯಂತೆ ಹಬೆ ಬಿಟ್ಟು ನಿಂತುಬಿಟ್ಟಿತು. ಗ್ಯಾರೇಜಿನವರೆಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ಬೆವರು ಹರಿಯಿತು. ಮೆಕ್ಯಾನಿಕ್ ಕಟ್ಟನ್ನು ಒಂದೊಂದಾಗಿ ಬಿಚ್ಚಿ, ಬಿಸಿ ಇಳಿಯುವವರೆಗೂ ನಕ್ಕ.

“ಇದೇನು ಲೋಟಾನಾ ಸ್ವಾಮಿ? ಎಂಜಿನ್ ತಣ್ಣಗಿರೋಕೆ ಇದಕ್ಕೆ ಗಾಳಿ ಬೇಕು! ಮುಂದೆ ಒಂದು ದೊಡ್ಡ ಕಣ್ಣಿನ ಜಾಲರಿ ಹಾಕ್ಸಿ, ಆಗಾಗ ಮೆಲ್ಲಗೆ ನೀರು ಬಿಟ್ಟು ಕೆಸರು ತೊಳೀರಿ. ಅಷ್ಟು ಸಾಕು.”

“ಅದಿರ್ಲಿ, ಗೀರು ಬಿದ್ದಿದೆಯಾ?”

“ಒಂದೂ ಇಲ್ಲ. ಇಷ್ಟು ಕ್ಲೀನಾಗಿರೋ ರೇಡಿಯೇಟರ್ ನಾನು ನೋಡೇ ಇಲ್ಲ.”

ಉಳಿದದ್ದೊಂದೂ ಜೋಪಾನಪ್ಪನ ಕಿವಿಗೆ ಬೀಳಲಿಲ್ಲ. ಹಬೆಗೆ ಒದ್ದೆಯಾದ ಸ್ಪಂಜನ್ನು ಮಡಿಸಿ ಕಂಕುಳಲ್ಲಿ ಸಿಕ್ಕಿಸಿ, ಹತ್ತೂಮುಕ್ಕಾಲಿಗೆ ರಾಜಠೀವಿಯಿಂದ ಕಾರ್ಖಾನೆಯೊಳಗೆ ಕಾಲಿಟ್ಟ.

ಎಲ್ಲರೂ ಸೇರಿದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಜಿನ ಮೇಲೆ ಅವನ ಮುದ್ರೆಯಿದ್ದ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ಒಳಗೆ ಬರೀ ಗಾಜಿನ ಚೂರು.

“ನಿನ್ನೆ ಸಂಜೆ ಹೋದ ಪೆಟ್ಟಿಗೆ, ಅಂಗಡಿಯವರು ಈಗ ವಾಪಸ್ ಕಳ್ಸಿದಾರೆ,” ಎಂದರು ಮಾಲೀಕರು. “ತಳಕ್ಕೆ ಹಾಕೋ ಸ್ಪಂಜೇ ಇಲ್ಲ. ನೀವಂತೂ ಮರೆಯೋರಲ್ಲ. ಯಾರೋ ಎಗರಿಸಿದಾರೆ.”

“ಅಂಥವನನ್ನ ಬಿಡಬಾರ್ದು ಸಾರ್!” ಜೋಪಾನಪ್ಪ ಕೆರಳಿ ಕೈಯೆತ್ತಿದ.

ಕಂಕುಳಿನಿಂದ ಸ್ಪಂಜು ಜಾರಿ ಮಾಲೀಕರ ಕಾಲಬಳಿ ಬಿತ್ತು. ಕಾರ್ಖಾನೆಯ ಗುರುತು ಮೇಲೆಯೇ ಇತ್ತು.

ಯಾರೋ ಮೇಲ್ವಿಚಾರಕನ ಕುರ್ಚಿಯನ್ನು ಮೆಲ್ಲಗೆ ಗೋಡೆಯ ಪಕ್ಕಕ್ಕೆ ಎಳೆದಿಟ್ಟರು. ಜೋಪಾನಪ್ಪ ಗಂಟಲು ಸರಿಮಾಡಿಕೊಂಡು, ತಲೆ ತಗ್ಗಿಸದೆಯೇ ಹೇಳಿದ:

“ಆದ್ರೂ ಸಾರ್, ರೇಡಿಯೇಟರಿಗೆ ಒಂದು ಗೀರೂ ಬಿದ್ದಿಲ್ಲ.”