ನೀರು ಉಳಿಸಲು ಬಂದ ಚಿನ್ನದ ನಲ್ಲಿ

ನನ್ನ ಹೆಂಡತಿ ವುಝೂ ಮಾಡಲು ನಿಂತರೆ ನಲ್ಲಿಗೆ ಬಿಡುವಿಲ್ಲ. ನಮಾಝಿಗೆ ಮೊದಲು ಕೈ, ಬಾಯಿ, ಮುಖ, ಕಾಲು ತೊಳೆದುಕೊಳ್ಳುವುದು ಎಷ್ಟು ಹೊತ್ತಿನ ಕೆಲಸ? ಈಕೆ ಮೊದಲು ನಲ್ಲಿ ತಿರುಗಿಸುತ್ತಾಳೆ. ಆಮೇಲೆ ತೋಳು ಮಡಚುತ್ತಾ, ಒಲೆಯ ಮೇಲಿನ ಪಾತ್ರೆ ನೋಡುವಂತೆ ತನ್ನ ತಾಯಿಗೆ ಕೂಗಿ, ನಡುವೆ ನನ್ನ ಒಂದೆರಡು ಅಪರಾಧಗಳನ್ನೂ ನೆನಪಿಸಿಕೊಂಡು, ಕೊನೆಗೆ ನೀರಿಗೆ ಕೈಯೊಡ್ಡುತ್ತಾಳೆ. ಅಷ್ಟರಲ್ಲಿ ಸಣ್ಣದೊಂದು ನದಿ ಮೋರಿ ಸೇರಿರುತ್ತದೆ.

"ಹರಿಯೋ ನದಿ ದಡದಲ್ಲಿ ಕೂತು ವುಝೂ ಮಾಡಿದ್ರೂ ನೀರು ಪೋಲು ಮಾಡಬಾರದು ಅಂತ ಪ್ರವಾದಿಯವರು ಹೇಳಿದ್ದಾರೆ, ಗೊತ್ತಾ?" ಎಂದೆ, ಹಲ್ಲುಜ್ಜುತ್ತಾ.

"ಗೊತ್ತು. ಮೊದಲು ನಿಮ್ಮ ನಲ್ಲಿ ನಿಲ್ಲಿಸಿ."

(ನೋಡಿದೆ. ಹರಿಯುತ್ತಿತ್ತು. ಉಪದೇಶದ ಭರದಲ್ಲಿ ಇಂಥದ್ದೆಲ್ಲ ಆಗುತ್ತದೆ.)

ನಾನು ಕನ್ನಡಕದ ಅಂಗಡಿ ಇಟ್ಟವನು. ಜನರಿಗೆ ಕಾಣದ್ದನ್ನು ಕಾಣಿಸುವುದೇ ನನ್ನ ವೃತ್ತಿ. ಹಾಗಾಗಿ ಪರಿಹಾರವೂ ನನಗೇ ಕಂಡಿತು: ಬ್ಯಾಟರಿಯಿಂದ ಓಡುವ ಸೆನ್ಸರ್ ನಲ್ಲಿ! ಕೈಯೊಡ್ಡಿದರೆ ನೀರು, ಕೈ ತೆಗೆದರೆ ಬಂದ್. ನಲ್ಲಿ ಮಾರುವ ಅಂಗಡಿಯವನು ಸ್ಟೀಲಿನದನ್ನು ತೋರಿಸಿದ. ಪಕ್ಕದಲ್ಲೇ ಚಿನ್ನದ ಬಣ್ಣದ್ದೊಂದು ಕತ್ತು ಕೊಂಕಿಸಿ ನಿಂತಿತ್ತು.

"ಎರಡೂ ಮಾಡೋದು ಒಂದೇ ಕೆಲಸ ಸಾರ್," ಎಂದ ಪುಣ್ಯಾತ್ಮ. ಆದರೆ ಅವನು ಹಾಗೆನ್ನುವಾಗಲೇ ನನ್ನ ಕೈ ಚಿನ್ನದ ಕತ್ತನ್ನು ಸವರುತ್ತಿತ್ತು.

"ಇದು ನಲ್ಲಿಯೋ, ಸುಲ್ತಾನರ ಕತ್ತಿಯ ಹಿಡಿಯೋ?" ಎಂದಳು ಹೆಂಡತಿ, ಅದು ನಮ್ಮ ಬಚ್ಚಲಲ್ಲಿ ಕೂತದ್ದೇ.

"ದುಂದು ತಡೆಯೋ ಸಾಧನ."

"ಮೊನ್ನೆ ನಾನು ಕುಕ್ಕರ್ ಕೇಳಿದ್ದಕ್ಕೆ ದುಂದು ಅಂದ್ರಿ!"

"ಕುಕ್ಕರ್ ಇಹಲೋಕದ್ದು ಕಣೇ. ಇದು ಪರಲೋಕದ್ದು."

ಪರಲೋಕದ ನಲ್ಲಿಗೆ ಅದರದೇ ಆದ ಸ್ವಭಾವವಿತ್ತು. ನಮ್ಮ ಅತ್ತೆಯವರು ಕಪ್ಪು ಬಟ್ಟೆಯ ತೋಳಿನ ಕೈಯೊಡ್ಡಿದರೆ, ಕಪ್ಪು ಅದರ ಕಣ್ಣಿಗೆ ಕಾಣದೆ, ಒಂದು ಹನಿ ಬಾರದು. ಅವರು ಬೇಸತ್ತು ಹೊರಟ ಮೇಲೆ, ಖಾಲಿ ಬಚ್ಚಲಿಗೆ ಧಾರಾಳವಾಗಿ ಸುರಿಸುವುದು.

"ಅಳಿಯಾ, ಇದು ಥೇಟ್ ನಿನ್ನ ಹಾಗೇ," ಎಂದರು ಅತ್ತೆ. "ಕರೆದ್ರೆ ಬರಲ್ಲ, ಶುರು ಮಾಡಿದ್ರೆ ನಿಲ್ಸಲ್ಲ."

ಇಂಥ ಟೀಕೆಗಳಿಗೆ ನಾನು ಸೊಪ್ಪು ಹಾಕಲಿಲ್ಲ. ಮಸೀದಿಯ ಮೌಲವಿ ಸಾಹೇಬರನ್ನೇ ಊಟಕ್ಕೆ ಕರೆದೆ. ಊಟ ನೆಪ. ಅವರು ನಲ್ಲಿ ನೋಡಿ "ಭೇಷ್" ಅನ್ನಬೇಕು, ಅದನ್ನು ಈ ಇಬ್ಬರು ಹೆಂಗಸರು ಕಿವಿಯಾರೆ ಕೇಳಬೇಕು.

ಮೌಲವಿ ಸಾಹೇಬರು ಬಂದವರೇ ನಮಾಝಿಗೆ ಹೊತ್ತಾಯಿತೆಂದು ತೋಳು ಮಡಚಿದರು. ಬಚ್ಚಲಿಗೆ ಕರೆದೊಯ್ದೆ. "ನೋಡಿ, ಇಲ್ಲಿದೆ ಇದರ ಕಣ್ಣು," ಎಂದು ಬಗ್ಗಿ ತೋರಿಸಿದೆ. ನಲ್ಲಿ ಭೋರೆಂದು ನನ್ನ ಬೋಳು ತಲೆಯ ಮೇಲೆ ಸುರಿಯಿತು. ಗಾಬರಿಯಿಂದ ಹಿಂದೆ ಸರಿದೆ. ನಿಂತಿತು. ಏನು ಕೆಟ್ಟಿತೆಂದು ಮತ್ತೆ ಬಗ್ಗಿದೆ. ಮತ್ತೆ ಭೋರ್! ಹೀಗೆ ನಾನು ಬಗ್ಗುವುದು, ಅದು ಸುರಿಯುವುದು ನಡೆದೇ ಇತ್ತು. ಕೊನೆಗೆ ತಿರುಪು ಹುಡುಕಲು ತಲೆಯನ್ನು ಅದರ ಬುಡಕ್ಕೇ ತೂರಿಸಿಬಿಟ್ಟೆ.

"ಅಳಿಯಾ, ತಲೆ ತೆಗಿ!" ಬಾಗಿಲಿಂದ ಅತ್ತೆ ಕೂಗಿದರು. "ನಿನ್ನ ಬೋಳು ತಲೆ ಹೊಳೆಯೋದು ನೋಡಿ ಯಾರದ್ದೋ ಕೈ ಅಂದ್ಕೊಂಡಿದೆ ಅದು!"

ತೆಗೆಯುವಷ್ಟರಲ್ಲಿ ನಲ್ಲಿ ಗೊರಗೊರ ಸದ್ದು ಮಾಡಿ ಸುಮ್ಮನಾಯಿತು. ಟ್ಯಾಂಕು ಬರಿದು. ನಮ್ಮ ಕಟ್ಟಡದಲ್ಲಿ ಅದು ತುಂಬುವುದು ಮರುದಿನ ಬೆಳಿಗ್ಗೆಯೇ. ಗುರುಗಳು ತೋಳು ಮಡಚಿಕೊಂಡೇ ನಿಂತಿದ್ದರು. ನಾನು ತೊಟ್ಟಿಕ್ಕುತ್ತಿದ್ದೆ.

ಹೆಂಡತಿ ಕುಡಿಯುವ ನೀರಿನ ಚೊಂಬು ತಂದಿಟ್ಟಳು. ಮೌಲವಿ ಸಾಹೇಬರು ಅದರಲ್ಲೇ ಅಂಗೈಯಲ್ಲಿ ಅಷ್ಟಷ್ಟೇ ಹಿಡಿದು, ಕೈಯಿಂದ ಪಾದದವರೆಗೆ ಚೊಕ್ಕವಾಗಿ ಮುಗಿಸಿದರು. ಚೊಂಬಿನಲ್ಲಿ ಇನ್ನೂ ನೀರಿತ್ತು! ನನಗೆ ನಾಚಿಕೆಯಾಯಿತು, ಆದರೂ ಸೋಲೊಪ್ಪಲು ಮನಸ್ಸಿಲ್ಲ.

"ಗುರುಗಳೇ, ಒಳ್ಳೇ ಉದ್ದೇಶಕ್ಕೆ ಖರ್ಚು ಮಾಡಿದ್ರೆ ಅದು ದುಂದಾಗುತ್ತಾ?"

"ಕೊಂಡದ್ದು ದುಂದಲ್ಲಪ್ಪ," ಎಂದರು ಅವರು, ಗಡ್ಡದಲ್ಲೇ ನಗುತ್ತಾ. "ಅಲ್ಲಾಹನು ಕೊಟ್ಟಿದ್ದಾನೆ, ಅನುಕೂಲಕ್ಕೆ ಬಳಸು. ಕೈ ಬಿಗಿಹಿಡಿಯೋದೂ ತಪ್ಪೇ, ಚೆಲ್ಲೋದೂ ತಪ್ಪೇ. ಸ್ಟೀಲಿನ ನಲ್ಲಿ ಸಾಕಾಗಿದ್ರೆ ಅಲ್ಲಿಗೆ ಅಗತ್ಯ ಮುಗೀತು. ಅದರ ಮೇಲೆ ಈ ಚಿನ್ನದ ಬಣ್ಣ ಯಾರಿಗೆ ತೋರಿಸೋಕೆ?"

'ನಿಮಗೇ' ಎನ್ನುವ ಬದಲು ತಲೆ ಒರೆಸಿಕೊಂಡೆ.

"ಹಾಗಾದ್ರೆ ಕುಕ್ಕರ್?" ಬಾಗಿಲ ಮರೆಯಿಂದ ಹೆಂಡತಿಯ ಧ್ವನಿ.

"ಅಡುಗೆ ಬೇಗ ಆಗುತ್ತೆ, ಗ್ಯಾಸ್ ಉಳಿಯುತ್ತೆ. ಅದರಲ್ಲಿ ದುಂದೇನಮ್ಮ?"

ನನ್ನ ವುಝೂ ಇನ್ನೂ ಆಗಿರಲಿಲ್ಲ. (ಅಷ್ಟು ನೆನೆದರೂ, ಸುರಿದದ್ದೆಲ್ಲ ತಲೆಗೇ.) ಊಟದ ಪಾತ್ರೆಗಳಿಗೂ ನೀರು ಬೇಕು. ಹೆಂಡತಿ ಎರಡು ಬಕೆಟ್ ತಂದು ನನ್ನ ಮುಂದಿಟ್ಟಳು. ಕೆಳಗಿನ ಬೇಕರಿಯವರಲ್ಲಿ ಬೇಡಿ, ಒದ್ದೆ ಬಟ್ಟೆಯಲ್ಲೇ ಮಹಡಿ ಹತ್ತಿ ಬಂದೆ. ತೋಳು ಕಿತ್ತು ಬರುತ್ತಿತ್ತು. ಒಂದು ಹನಿ ತುಳುಕಿದರೂ ನಿಂತು ಬಕೆಟ್ ಸರಿಮಾಡಿಕೊಳ್ಳುತ್ತಿದ್ದೆ. ಒಂದು ಲೋಟ ನೀರು ಮೊಗೆದು, ಅದರಲ್ಲೇ ವುಝೂ ಮುಗಿಸಿ, ಉಳಿದದ್ದನ್ನು ಮೆಲ್ಲಗೆ ಬಕೆಟ್ಟಿಗೆ ಹಿಂತಿರುಗಿಸಲು ಹೊರಟೆ.

"ಅಮ್ಮಾ, ಬಾ ಇಲ್ಲಿ, ನೋಡು!" ಹೆಂಡತಿ ಸಂಭ್ರಮದಿಂದ ಕೂಗಿದಳು. "ನೀರು ಉಳಿಸೋ ಯಂತ್ರ ಕೊನೆಗೂ ಸಿಕ್ತು. ಬ್ಯಾಟರಿನೂ ಬೇಡ. ನಾಳೆಯಿಂದ ದಿನಾ ಇದನ್ನೇ ಓಡಿಸೋಣ!"