ಹತ್ತು ಕಿಲೋ ಇಳಸಾಕ ಹೋಗಿ

ಊರಾಗ ಯಾರರ ಮನಿ ಕಟ್ಟಸಲಿ, ಬೋರ್ ಹೊಡಸಲಿ, ಮಂದಿ ಎರಡು ದಿನಾ ನಿಂತು ನೋಡಿ ತಮ್ಮ ಕೆಲಸಕ್ಕ ಹೋಗತಾರ. ಆದ್ರ ನಲವತ್ತಾರು ವಯಸ್ಸಿನ ಹೆಣಮಗಳು ತೆಳ್ಳಗ ಆಗತೀನಂತ ಹೊಂಟ್ರ ಮಾತ್ರ ಊರಿಗೆ ಊರ ಕೈಯಾಗಿನ ಕೆಲಸಾ ಬಿಟ್ಟು ಬರತೈತಿ. ನಾನು ಸಂಶಿಯೊಳಗ ಇಪ್ಪತ್ತು ವರ್ಷದಿಂದ ಅಂಗನವಾಡಿ ಅಕ್ಕೋರು. ಹೋದ ವರ್ಷ ನನಗ ಒಂದರ ಮ್ಯಾಲೊಂದು ಬಿದ್ದ ಧಕ್ಕಾ ನೆನಿಸಿಕೊಂಡ್ರ ಈಗೂ ಎದಿ ಧಸಕ್ ಅಂತೈತಿ.

೧. ಚಾರ್ಟಿನ ಆಚೆ

ತಿಂಗಳಿಗೊಮ್ಮೆ ನಮ್ಮಲ್ಲೆ ಮಕ್ಕಳನ್ನ ತೂಗತೀವಿ. ಗ್ವಾಡಿಗೆ ಹಚ್ಚಿದ ಚಾರ್ಟಿನ್ಯಾಗ ತಾಯಂದ್ರಿಗೆ ತೋರಸತೀವಿ. ಕೂಸಿನ ತೂಕ ಹಸಿರಿನ್ಯಾಗ ಇದ್ರ ಚಲೋ, ಹಳದಿಗೆ ಬಂದ್ರ ಲಕ್ಷ್ಯ ಕೊಡಬೇಕು, ಕೆಂಪಿಗೆ ಬಂದ್ರ ದವಾಖಾನಿ. ಅವತ್ತ ಒಬ್ಬಾಕಿ ತಾಯಿಗೆ ಜೋರು ಮಾಡಾಕತ್ತಿದ್ದೆ. "ಹುಡುಗ ಹಳದಿಗೆ ಬಂದಾನ. ಮಕ್ಕಳ ತೂಕದ ಮ್ಯಾಲ ಕಣ್ಣಿಡಬೇಕವಾ. ತಾಯಿ ಆದಾಕಿಗೆ ಅಷ್ಟೂ ತಿಳಿಯೂದಿಲ್ಲೇನು?"

ಆಕಿ ತಲಿ ತಗ್ಗಿಸಿ ನಿಂತಿದ್ಲು. ಅಷ್ಟರಾಗ ನಮ್ಮ ಸಹಾಯಕಿ, "ಅಕ್ಕೋರ, ದೊಡ್ಡವರನ್ನ ತೂಗೂ ಹೊಸಾ ಮಷಿನ್ ಬಂದೈತಿ. ನೀವೂ ಒಮ್ಮೆ ನಿಂದರ್ರಲ್ಲ" ಅಂದ್ಲು.

ನಿಂತೆ. ಎಂಬತ್ತೇಳು.

"ಇದು ಕೆಟ್ಟೈತಿ" ಅಂತ ಇಳದೆ. ಸಹಾಯಕಿ ನಿಂತ್ಲು, ನಲವತ್ತೊಂಬತ್ತು. ಆ ತಾಯಿ ನಿಂತ್ಲು, ಐವತ್ತೆರಡು. ಮಷಿನ್ ಅಗದಿ ನೆಟ್ಟಗ ಇತ್ತು. ನಾನು ಚಪ್ಪಲಿ ಬಿಟ್ಟೆ, ಹೆಗಲಿನ ಚೀಲಾ ಇಳಿಸಿದೆ, ಕಡೀಕ ಕೈಯಾಗಿನ ಬಳಿನೂ ತಗದಿಟ್ಟು ಮತ್ತ ಹತ್ತಿದೆ. ಎಂಬತ್ತಾರು.

ಇಷ್ಟೊತ್ತು ಬೈಸಿಕೊಂಡಾಕಿ ಮೆಲ್ಲಕ ಗ್ವಾಡಿ ಹತ್ರ ಹೋಗಿ ಚಾರ್ಟಿನ ಮ್ಯಾಲ ಬಟ್ಟು ಇಟ್ಟು ಹುಡುಕಾಕತ್ತಿದ್ಲು. "ಅಕ್ಕೋರ, ನೀವು ಯಾವ ಬಣ್ಣದಾಗ ಬರತೀರಿ? ಇದರಾಗ ಎಲ್ಲೂ ಕಾಣವಲ್ರಿ."

ಸಹಾಯಕಿ ಸಣ್ಣ ದನೀಲೆ ಹೇಳಿದ್ಲು: "ಅಲ್ಲೆ ಹುಡುಕಬ್ಯಾಡವಾ. ಅಕ್ಕೋರದು ಚಾರ್ಟು ಮುಗದ ಮ್ಯಾಲ ಗ್ವಾಡಿ ಮ್ಯಾಲ ಬರತೈತಿ."

೨. ಸಾಕ್ಷಿ

ಆ ವಾರದಾಗನ ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಗೊಬ್ಬರದ ಅಂಗಡಿ ಬಾಗಲಾ ಹಾಕಿ ನಮ್ಮ ಮನಿಯವ್ರೂ ಜೋಡಿ ಬಂದಿದ್ರು. ಡಾಕ್ಟರು ಸಣ್ಣ ವಯಸ್ಸಿನ ಹೆಣಮಗಳು. ರಕ್ತಾ ತಪಾಸಿ ಮಾಡಿಸಿ ಹೇಳಿದ್ರು: "ಸಕ್ಕರಿ ಕಾಯಿಲೆ ಬಾಗಲದಾಗ ಬಂದು ನಿಂತೈತಿ. ಆರು ತಿಂಗಳದಾಗ ಹತ್ತು ಕಿಲೋ ಇಳಸ್ರಿ. ಇಲ್ಲಾಂದ್ರ ಗುಳಿಗಿ ಶುರು."

ನನ್ನ ತವರುಮನಿ ಅಣ್ಣಿಗೇರಿಯೊಳಗ ನಮ್ಮವ್ವಗ ಇದ ಕಾಯಿಲೆಯಿಂದ ಕಣ್ಣು ಮಂಜಾಗಿ, ಈಗ ಮಂದಿನ್ನ ದನಿ ಮ್ಯಾಲ ಗುರ್ತ ಹಿಡಿತಾಳ.

"ದಿನಾ ಏನೇನು ತಿಂತೀರಿ?" ಡಾಕ್ಟರು ಕೇಳಿದ್ರು.

"ಎರಡ ರೊಟ್ಟಿರಿ. ಒಂದೀಟು ಪಲ್ಯಾ."

ಬಾಜೂಕ ಕುಂತ ನಮ್ಮ ಮನಿಯವ್ರು ಕೆಮ್ಮಿದ್ರು. "ಡಾಕ್ಟ್ರ, ಅದು ನಾಷ್ಟಾ ಆದ ಮ್ಯಾಲಿನ ಮಾತು. ರೊಟ್ಟಿ ಜೋಡಿ ಶೇಂಗಾ ಹಿಂಡಿ ಇರತೈತಿ, ಹಿಂಡಿ ಮ್ಯಾಲ ಬೆಣ್ಣಿ ಇರತೈತಿ. ನಾಕಕ್ಕ ಚಾದ ಜೋಡಿ ಮಿರ್ಚಿ. ಒಂದ ತಿಂತೀನಿ ಅಂದ್ರ ನಂಬಬ್ಯಾಡ್ರಿ, ಮೂರಕ್ಕ ಕಮ್ಮಿ ಇಲ್ಲ."

ಇಪ್ಪತ್ನಾಕು ವರ್ಷ ಸಂಸಾರ ಮಾಡಿದ ಗಂಡ ಹಿಂಗ ಪರರ ಮುಂದ ಕಟಕಟಿ ಹತ್ತಿ ಸಾಕ್ಷಿ ಹೇಳಿದ್ದು ಕೇಳಿ ನಾನು ಸೆರಗಿನ ಮರಿಯಾಗ ಅವರ ತೊಡಿ ಚಿವುಟಿದೆ.

ಡಾಕ್ಟರು ಎಲ್ಲಾ ಬರಕೊಂಡು, ಪೆನ್ನು ಕೆಳಗಿಟ್ಟು, ಅವರ ಹೊಟ್ಟಿ ಕಡೆ ನೋಡಿದ್ರು. "ಇಷ್ಟು ಬರೋಬ್ಬರಿ ಹೇಳತೀರಂದ್ರ ನೀವೂ ಜೋಡೀಲೆ ಕುಂತು ತಿಂದೀರಿ. ನಿಮ್ಮದೂ ಒಮ್ಮೆ ತಪಾಸಿ ಮಾಡೂಣು ಬರ್ರಿ."

ನನ್ನ ಸಕ್ಕರಿ ಬಾಗಲದಾಗ ನಿಂತಿತ್ತು. ಅವರದು ಒಳಗ ಬಂದು, ಚಾಪಿ ಹಾಸಿಕೊಂಡು ಕುಂತು ವರ್ಷ ಆಗಿತ್ತಂತ. ಗುಳಿಗಿ ಚೀಟಿ ಹಿಡಕೊಂಡ ಮನುಷ್ಯಾ ಬಸ್ ಸ್ಟ್ಯಾಂಡ್ ಬರೂ ತನಕ ತುಟಿ ಪಿಟಕ್ ಅನ್ನಲಿಲ್ಲ. ಅಲ್ಲೆ ಮಿರ್ಚಿ ಗಾಡಿ ವಾಸನಿ ಬಡದಿದ್ದ ತಡ, ಮೆಲ್ಲಕ ನನ್ನ ಕಡೆ ಬಾಗಿ ಕೇಳಿದ್ರು:

"ಇದ ಕಡೀದು ಅಂತ ತಿಳದು ಒಂದೊಂದು ತಿನ್ನೂಣೇನು?"

೩. ಉಪವಾಸ

ಸಂಜೀ ಊಟಾ ಬಿಟ್ಟೆ. ಎಂಬತ್ತು ದಾಟಿದ ನಮ್ಮ ಅತ್ತಿ ಎರಡು ದಿನಾ ನೋಡಿ, ಮೂರನೇ ದಿನಾ ಕೇಳಿದ್ರು: "ಯಾವ ದೇವರಿಗೆ ಹರಕಿ ಹೊತಗೊಂಡೀಯವಾ?"

"ದೇವರಿಗಲ್ರಿ ಅತ್ತಿ, ತೂಕ ಇಳಸಾಕ."

"ಬಾಯಿ ಬಿಟ್ಟು ಹೇಳಬ್ಯಾಡ ಬಿಡು. ಹೇಳಿದ್ರ ಫಲ ಹೋಗತೈತಿ" ಅಂದು ಕೈ ಮುಗದ್ರು.

ಮರುದಿನಾ ಓಣಿ ತುಂಬ ಸುದ್ದಿ: ಅಕ್ಕೋರು ಕಠಿಣ ವ್ರತಾ ಹಿಡದಾರ. ನಮ್ಮ ಓಣಿಯೊಳಗ ಉಪವಾಸ ಇದ್ದಾಕಿಗೆ ಫಳಾರ ಕೊಟ್ರ ಕೊಟ್ಟಾಕಿಗೂ ಅರ್ಧಾ ಫಲ ಅಂತ ನಂಬಿಕಿ. ಮೊದಲ ದಿನಾ ತುಪ್ಪಾ ಸುರಿದ ಸಾಬೂದಾನಿ ಖಿಚಡಿ ಬಂತು. ಮರುದಿನಾ ಬಾಳಿಹಣ್ಣಿನ ಶೀಕರಣಿ. ಅದರ ಮರುದಿನಾ ಶೇಂಗಾ ಉಂಡಿ, ಮ್ಯಾಲ ಒಂದು ಚರಗಿ ಕೆನಿಹಾಲು. "ಉಪವಾಸಕ್ಕ ನಡೀತೈತ್ರಿ, ತಗೋರಿ ಅಕ್ಕೋರ." ಒಲ್ಲೆ ಅನ್ನೂಣಂದ್ರ ಅತ್ತಿ ಎದುರಿಗೆ ಕುಂತು ಕಣ್ಣು ಬಿಡತಿದ್ರು. "ಭಕ್ತೀಲೆ ತಂದದ್ದು ಒಲ್ಲೆ ಅಂದ್ರ ಪಾಪಾ ತಟ್ಟತೈತಿ."

ಎಂಟು ದಿನಾ ಊಟಾ ಬಿಟ್ಟಾಕಿ ಶನಿವಾರ ಮಷಿನ್ ಹತ್ತಿದೆ. ಎಂಬತ್ತೇಳೂವರಿ! ಮನಿಗೆ ಬಂದು ಅತ್ತಿ ಮುಂದ ಕುಂತು ಅತ್ತ ಬಿಟ್ಟೆ. "ಅತ್ತಿ, ಉಪವಾಸ ಇದ್ದು ಒಂದೂವರಿ ಕಿಲೋ ಹೆಚ್ಚಾಗೀನ್ರಿ."

ಅತ್ತಿ ನನ್ನ ತಲಿ ಸವರಿದ್ರು. "ಅಳಬ್ಯಾಡ. ಅದು ತೂಕಲ್ಲವಾ, ಪುಣ್ಯಾ."

೪. ಸುಮ್ನ ನಡಿಯೂದು

ಊಟದ ಹಾದಿ ಮುಚ್ಚಿತು, ಇನ್ನ ನಡಿಯೂದ ಖರೆ ಅಂತ ಮಗನ ಹಳೇ ಬೂಟು ಹಾಕೊಂಡು, ಸೀರಿ ಒಂದೀಟು ಎತ್ತಿ ಕಟ್ಟಿ, ಮುಂಜಾನೆ ಕುಂದಗೋಳ ರೋಡ್ ಹಿಡದೆ. ನೂರು ಹೆಜ್ಜಿಗೆ ಒಂದು ಬೈಕ್ ನಿಂತಿತು. "ಎಲ್ಲಿಗ್ರಿ? ಹತ್ತ್ರಿ, ಬಿಡತೀನಿ." ಒಲ್ಲೆ ಅಂದೆ. ಹಿಂದನ ಹಾಲಿನ ಗಾಡಿ ನಿಂತಿತು. ಅದಕ್ಕೂ ಒಲ್ಲೆ ಅಂದೆ. ಟ್ರ್ಯಾಕ್ಟರಿನವ ಒಬ್ಬ ಟ್ರೇಲಿಯೊಳಗಿನ ಗೊಬ್ಬರಾ ಸರಿಸಿ ಜಾಗಾ ಮಾಡಿದ.

ಕಡೀಕ ಬಸ್ಸ ನಿಂತಿತು. ಕಂಡಕ್ಟರು ಬಾಗಲದಾಗಿಂದ, "ಅಕ್ಕೋರ, ಹೆಣಮಕ್ಕಳಿಗೆ ಬಸ್ಸು ಫುಕಟ್ ಐತಿ, ಯಾಕ ನಡೀತೀರಿ?" ಅಂದ.

"ನಾ ಎಲ್ಲೂ ಹೊಂಟಿಲ್ರಿ. ಸುಮ್ನ ನಡ್ಯಾಕತ್ತೀನಿ."

ಎಲ್ಲಾ ಕಿಡಕಿಯೊಳಗ ಒಂದೊಂದು ಮಾರಿ. ಒಬ್ಬ ಮುದುಕಿ ಕೆಳಗಿಳದು ಬಂದು ನನ್ನ ರಟ್ಟಿ ಹಿಡದ್ಲು. "ಎಲ್ಲೂ ಹೊಂಟಿಲ್ಲಂದ್ರ ಏನವಾ? ಮುಂದ ಹಳ್ಳ ಐತಿ. ಜೀವಾ ದೊಡ್ಡದು ತಂಗಿ. ನಡಿ, ಹತ್ತು."

ಆಕಿ, ಕಂಡಕ್ಟರು, ಮತ್ತಿಬ್ಬರು ಸೇರಿ ನನ್ನ ಹತ್ತಿಸೇಬಿಟ್ರು. ಮುದುಕಿ ಕುಂದಗೋಳದ ತನಕ ನನ್ನ ಕೈ ಬಿಡಲಿಲ್ಲ, ಇಳದ ಮ್ಯಾಲ ಖಾನಾವಳಿಗೆ ಕರಕೊಂಡು ಹೋಗಿ, ಎರಡು ಪ್ಲೇಟ್ ಪುರಿ ತಿನಿಸಿ, ತಾನ ನಿಂತು ವಾಪಸ್ ಬಸ್ಸು ಹತ್ತಿಸಿದ್ಲು. ಮನಿಗೆ ಬಂದು ಬೂಟು ಬಿಚ್ಚೂವಾಗ ನಮ್ಮ ಮನಿಯವ್ರು ಕೇಳಿದ್ರು: "ಎಷ್ಟು ನಡದಿ?"

"ಕುಂದಗೋಳಕ್ಕ ಹೋಗಿ ಬಂದೆ" ಅಂದೆ. ಸುಳ್ಳೇನಲ್ಲ.

೫. ನ್ಯಾಯ

ಆದ್ರೂ ನಾ ಬಿಡಲಿಲ್ಲ. ದಿನಾ ನಡದೆ, ಮಿರ್ಚಿ ಮರತೆ, ಫಳಾರಕ್ಕ ಕೈ ಮುಗದೆ. ಐದು ತಿಂಗಳಿಗೆ ಏಳು ಕಿಲೋ ಇಳೀತು. ಸಕ್ಕರಿ ಬಾಗಲಾ ಬಿಟ್ಟು ಅಂಗಳಕ್ಕ ಹೋಗೈತಿ ಅಂತ ಡಾಕ್ಟರು ನಕ್ರು. ನನಗ ಆಕಾಶ ಮೂರ ಗೇಣು.

ಆದ್ರ ಅಣ್ಣಿಗೇರಿಗೆ ಸುದ್ದಿ ಬ್ಯಾರೆ ಹೋಗಿತ್ತು. ಯಾರೋ ಪುಣ್ಯಾತ್ಮರು ನಮ್ಮವ್ವಗ ಹೇಳಿದ್ರಂತ: "ನಿಮ್ಮ ಮಗಳು ಭಾಳ ಸೊರಗ್ಯಾಳ. ದಿನಾ ಮುಂಜಾನೆ ಗಂಡನ ಮನಿ ಬಿಟ್ಟು ಹೊಂಡತಾಳ, ಪಾಪ, ಅರ್ಧಾ ದಾರಿಗೆ ಮನಸ್ಸು ಬದಲಿಸಿ ತಿರುಗಿ ಬರತಾಳ."

ಒಂದ ರವಿವಾರ ಮುಂಜಾನೆ ನಾನು ನಡದು ಬಂದು, ಮಾರಿ ಕೆಂಪಗಾಗಿ, ಬೆವತು, ಪಡಸಾಲಿ ಕಂಬಕ್ಕ ಒರಗಿ ಏದುಸಿರು ಬಿಡಾಕತ್ತಿದ್ದೆ. ನಮ್ಮ ಮನಿಯವ್ರಿಗೆ ರೋಡಿಗೆ ಬಂದು ನಡ್ಯಾಕ ನಾಚಿಕಿ. ಅದಕ್ಕ ಮನಿಯೊಳಗನ ಹಗ್ಗಾ ಹಿಡದು ಹಾರತಿದ್ರು. ಅವತ್ತೂ ಹಾರಿ ಸಾಕಾಗಿ, ಹಗ್ಗಾ ಕೈಗೆ ಸುತಗೊಂಡು, ಕಣ್ಣು ಕೆಂಪಗ ಮಾಡಿ, ಬುಸ್ ಬುಸ್ ಅನಕೋತ ನನ್ನ ಎದುರಿಗೆ ನಿಂತಿದ್ರು.

ಅಷ್ಟರಾಗ ಬಾಗಲಾ ಧಡಾರಂತ ತೆರೀತು. ನಮ್ಮ ತಮ್ಮ, ಕಾಕಾ, ಹಿಂದ ಮೂರು ಮಂದಿ ಹಿರೇರು.

ತಮ್ಮ ನನ್ನ ನೋಡಿದ. ಹಗ್ಗಾ ನೋಡಿದ. "ಮಾವಾ! ಹಗ್ಗಾ ಕೆಳಗಿಡ್ರಿ!" ಅಂತ ಚೀರಿ ಹೋಗಿ ಅವರನ್ನ ಅವಚಿ ಹಿಡದ. ನಮ್ಮ ಮನಿಯವ್ರಿಗೆ ಮೊದಲ ಉಸಿರಿಲ್ಲ. ಮಾತಾಡಾಕ ಬಾಯಿ ತೆರದ್ರ ಬುಸ್ ಅಷ್ಟ ಬರತಿತ್ತು. ಹಿರೇರೊಬ್ರು, "ನೋಡ್ರಿ, ಇನ್ನೂ ಸಿಟ್ಟು ಇಳದಿಲ್ಲ" ಅಂದ್ರು.

"ಬಿಡೋ ಅವರನ್ನ! ಹೊಡಿಯಾಕಲ್ಲೋ, ಹಾರಾಕ!" ನಾ ನಡುವ ಹೋಗಿ ಚೀರಿದೆ. ಸಕ್ಕರಿ, ತೂಕ, ನಡಿಯೂದು, ಎಲ್ಲಾ ಹೇಳಿದೆ. ಯಾರೂ ನಂಬಲಿಲ್ಲ.

ಕಾಕಾ ಮಂಚದ ಮ್ಯಾಲ ಕುಂತು ಕೋಲು ಊರಿದ್ರು. "ಹಾರಾಕ ಅಂತೀರಿ. ಐವತ್ತೆರಡು ವಯಸ್ಸಿನ ಗಂಡಸು, ಗೊಬ್ಬರದ ವ್ಯಾಪಾರಸ್ಥ, ಹಗ್ಗಾ ಹಾರತಾನಂದ್ರ ಯಾರು ನಂಬಬೇಕು? ಖರೆ ಇದ್ರ ಹಾರಿ ತೋರಸ್ರಿ."

ನಮ್ಮ ಮನಿಯವ್ರು ಒಮ್ಮೆ ನನ್ನ ನೋಡಿದ್ರು, ಒಮ್ಮೆ ಹಿರೇರನ್ನ ನೋಡಿದ್ರು. ಲುಂಗಿ ಮ್ಯಾಲ ಕಟ್ಟಿ, ಐದು ಮಂದಿ ಮುಂದ, ಧಪ್ ಧಪ್ ಅಂತ ಹಾರಾಕ ಹತ್ತಿದ್ರು. ಗೂಡಿನಾಗಿನ ತಂಬಿಗಿ ಕೆಳಗ ಬಿತ್ತು. ಬಾಗಲದಾಗ ಓಣಿ ಮಂದಿ ಕೂಡಿದ್ರು. ಅತ್ತಿ ಒಳಗಿಂದ ಬಂದು, ಇದೂ ಯಾವದೋ ಹರಕಿ ಅಂತ ತಿಳದು ಕೈ ಮುಗದು ನಿಂತ್ರು. ಹನ್ನೆರಡನೇ ಸಲಕ್ಕ ಕಾಲಿಗೆ ಹಗ್ಗಾ ತೊಡಕಿ ನಮ್ಮ ಮನಿಯವ್ರು ಕಾಕಾರ ಬಾಜೂಕನ ಬಂದು ಕುಂತ್ರು.

ಬಂದವ್ರ ಬಾಯಿ ಹಂಗ ತೆರದಿದ್ವು. ಕಡೀಕ ಕಾಕಾ ಎದ್ದು, ಟೊಪಗಿ ಸರಿ ಮಾಡಿಕೊಂಡು, ನಮ್ಮ ತಮ್ಮನ ಹೆಗಲ ಮ್ಯಾಲ ಕೈಯಿಟ್ರು.

"ತಮ್ಮಾ, ಗಾಡಿ ತಿರಗಸು. ಗಂಡಾ ಹೆಂಡತಿ ಜಗಳ ಇದ್ದಿದ್ರ ನಾವು ಬಗೀಹರಸ್ತಿದ್ವಿ. ಇಬ್ಬರಿಗೂ ಕೂಡೇ ಹುಚ್ಚು ಹಿಡದ್ರ ಏನಂತ ನ್ಯಾಯಾ ಹೇಳೂಣು?"